ಆಳೋ, ಹಾಳೋ

ಹೆಬ್ಬಾಳದ ಕೆರೆ ಏರಿ ಬಂತೆಂದರೆ ನನಗೆ ನಿದ್ದೆ ಹತ್ತುತ್ತಿತ್ತು. ಕೇಸಿನ ಕೆಲಸಕ್ಕೆ ಹಳ್ಳಿಗಳ ಕಡೆ ಹೋಗಲು ಆರ್.ಟಿ. ನಗರದ ಮನೆಯಿಂದ ಹೊರಟು ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಕಪ್ಪು ಕೋಟನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ನೀರಿನ ಮೇಲಿನ ಮಂಜು ಏರಿ ದಾಟಿ ರಸ್ತೆಯವರೆಗೂ ಬಂದಿರುತ್ತಿತ್ತು. ಬಸ್ಸು ಹೋಗುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಗಂಗಾನಗರದ ಒಬ್ಬ ಹಿರಿಯ ವಕೀಲರ ಹತ್ತಿರ ನಾನು ಜೂನಿಯರ್ ಆಗಿದ್ದೆ. ಕೆಲಸ ಮಾಡುವಾಗ ಕೈಕಾಲು ಕಳೆದುಕೊಂಡವರು, ಸತ್ತವರ ಹೆಂಡತಿಯರು ನಮ್ಮ ಕಕ್ಷಿದಾರರು. ಆ ಕಾಲದ ನೆನಪೆಲ್ಲ ನನಗೆ ಇವತ್ತಿಗೂ ಅದೇ ಮಂಜಿನೊಳಗಿಂದ ಕಾಣುತ್ತದೆ. ಒಂದು ಕೇಸು ಮಾತ್ರ ಕಣ್ಣಿಗೆ ಕಟ್ಟಿದ ಹಾಗೆ ನಿಂತಿದೆ.

"ಸಿಂಗಾಪುರಕ್ಕೆ ಹೋಗಿ ಬರ್ತೀನಿ" ಎಂದು ಅಮ್ಮಿಗೆ ಹೇಳಿ ಹೊರಟರೆ, ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ "ಪಾಸ್‌ಪೋರ್ಟ್ ಇಟ್ಕೊಂಡ್ಯೇನಮ್ಮಾ?" ಎಂದು ಗೇಲಿ ಮಾಡುತ್ತಿದ್ದಳು. ನಮ್ಮ ಸಿಂಗಾಪುರ ಬರೀ ಒಂದು ಹಳ್ಳಿ, ಅಲ್ಲಿಗೆ ಬ್ಯಾಟರಾಯನಪುರದಲ್ಲಿ ಬಸ್ಸಿಳಿದು ರಾಗಿ ಹೊಲ, ದ್ರಾಕ್ಷಿ ತೋಟಗಳ ನಡುವೆ ನಡೆದರೆ ಸಾಕಿತ್ತು. ಅದರ ಆಚೆಗಿನ ಒಂದು ಸಣ್ಣ ಹಳ್ಳಿಯ ಹೆಂಗಸು ನಮ್ಮ ಕಕ್ಷಿದಾರಳು. ಅವಳ ಗಂಡ ಇಟ್ಟಿಗೆ ಗೂಡಿನಲ್ಲಿ ಮಣ್ಣು ಅಗೆಯುವಾಗ ಗುಂಡಿಯ ದಂಡೆ ಕುಸಿದು ಸತ್ತಿದ್ದ. ಆ ಗೂಡಿದ್ದದ್ದು ಅವರದೇ ಹೊಲದಲ್ಲಿ. ಹೊಲದ ಮಣ್ಣನ್ನು ಗೂಡಿನ ಮಾಲೀಕನಿಗೆ ಗುತ್ತಿಗೆ ಕೊಟ್ಟು, ಆಮೇಲೆ ಅದೇ ಮಣ್ಣನ್ನು ಇವನೇ ಕೂಲಿಗೆ ಅಗೆಯುತ್ತಿದ್ದ ಎನ್ನುವುದು ನಮ್ಮ ಕೇಸು.

ಮಾಲೀಕ ಅದನ್ನು ಒಪ್ಪಲಿಲ್ಲ. ಸತ್ತವನು ಜಮೀನಿನ ಯಜಮಾನ, ನನ್ನ ಆಳಲ್ಲ, ಕುಡಿದು ಅಡ್ಡಾಡಲು ಬಂದು ಗುಂಡಿಗೆ ಬಿದ್ದ ಎಂದು ಜವಾಬು ಹಾಕಿದ. ಹಾಜರಿ ಬರೆಯುವ ಪದ್ಧತಿ ಆ ಗೂಡಿನಲ್ಲಿ ಇರಲಿಲ್ಲ. ಜೊತೆಯಲ್ಲಿ ಅಗೆಯುತ್ತಿದ್ದವರು ತಮಿಳುನಾಡಿನ ಕಡೆಯವರು, ಗೂಡು ಆರಿಸಿದ ಮೇಲೆ ಚದುರಿ ಹೋಗಿದ್ದರು. ಅವನು ಆಳು ಎಂದು ತೋರಿಸಲಾಗದಿದ್ದರೆ ಹೆಂಡತಿಗೆ ಪರಿಹಾರದ ಮಾತೇ ಇಲ್ಲ. ಉಳಿದಿದ್ದ ಸಾಕ್ಷಿ ಒಂದೇ, ಅವನ ತಾಯಿ. ಆಕೆ ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು.

ಸಾಕ್ಷಿ ಬರಲಾಗದಿದ್ದರೆ ಸಾಕ್ಷ್ಯ ಬರೆದುಕೊಳ್ಳುವವರೇ ಸಾಕ್ಷಿಯ ಮನೆಗೆ ಹೋಗುವ ಪದ್ಧತಿ ಉಂಟು, ಅದಕ್ಕೆ ಕಮಿಷನ್ ಎನ್ನುತ್ತಾರೆ. ಹಾಗೆ ನೇಮಕವಾದವರು ಕರಾವಳಿಯ ಒಬ್ಬ ತರುಣ ವಕೀಲರು. ಒಳ್ಳೆಯ ಮನುಷ್ಯ. ಎಷ್ಟು ಶ್ರದ್ಧೆಯೆಂದರೆ, ಬೆಂಗಳೂರು ಸುತ್ತಿನ ಹಳ್ಳಿಯ ಮಾತನ್ನು ತಪ್ಪಾಗಿ ಕೇಳಿಸಿಕೊಂಡೇನು ಎಂಬ ಭಯದಿಂದ ಮೊದಲೇ ವಿಚಾರಿಸಿಕೊಂಡು ಹೋಗುತ್ತಿದ್ದರು. "ಇವರು ಹಕಾರ ನುಂಗ್ತಾರೆ ಮಾರಾಯ್ರೆ. ಹೊಲ ಅನ್ನಲಿಕ್ಕೆ ಒಲ, ಹೋದ ಅನ್ನಲಿಕ್ಕೆ ಓದ. ಅದನ್ನು ನಾವೇ ಸೇರಿಸಿ ಕೇಳಿಸಿಕೊಳ್ಳಬೇಕು" ಎಂದು ನನಗೂ ಪಾಠ ಹೇಳಿದ್ದರು. ಅಜ್ಜಿ ಕನ್ನಡದಲ್ಲಿ ಹೇಳುವುದು, ಇವರು ಇಂಗ್ಲಿಷಿನಲ್ಲಿ ಬರೆದುಕೊಳ್ಳುವುದು, ಕೊನೆಗೆ ಕನ್ನಡದಲ್ಲಿ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು. ಆ ದಿನ ನನಗೆ ಜ್ವರ. ನಮ್ಮ ಸೀನಿಯರ್ ಹೋಗಿದ್ದರು. ಜಗುಲಿಯ ಬಿಸಿಲಿಗೆ ಅವರ ಕಣ್ಣು ಒಂದು ಗಳಿಗೆ ಎಳೆಯಿತೋ ಏನೋ, ಕೇಳುವ ಧೈರ್ಯ ಯಾವ ಜೂನಿಯರಿಗೆ ಇದೆ?

ವಿಚಾರಣೆಯ ದಿನ ಮಾಲೀಕನ ಪರ ವಕೀಲರು ಆ ಹೇಳಿಕೆಯನ್ನು ಎತ್ತಿ ಹಿಡಿದು ಓದಿದರು. ಪರಿಹಾರದ ಕೇಸು ಕೇಳುವ ಕಾರ್ಮಿಕ ಇಲಾಖೆಯ ಅಧಿಕಾರಿಗಳಿಗೆ ಇಂಗ್ಲಿಷಿನಲ್ಲಿ, ಆಮೇಲೆ ನಮ್ಮ ಕಕ್ಷಿದಾರಳ ಕಡೆ ತಿರುಗಿ ಕನ್ನಡದಲ್ಲಿ. "ನೋಡಮ್ಮ, ನಿನ್ನ ಅತ್ತೆಯೇ ಹೇಳಿದ್ದಾರೆ. 'ಮಣ್ಣು ಕೊಟ್ಟ ನನ್ನ ಮಗ ಅಲ್ಲೇ ಹಾಳಾಗಿ ಹೋದ.' ಹಾಳಾಗೋದು ಅಂದ್ರೇನು? ಕುಡಿತ, ಪೋಲಿ ತಿರುಗೋದು. ಹೆತ್ತ ತಾಯಿ ಸುಳ್ಳು ಹೇಳ್ತಾರಾ?" ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು. ಆ ವಕೀಲರ ಮೇಲೆ ನನಗೆ ಮೈಯೆಲ್ಲ ಉರಿದುಹೋಯಿತು.

ವರಾಂಡಕ್ಕೆ ಬಂದ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು. "ನಮ್ಮತ್ತೆ ಬಾಯಾರೆ ಅಂಗಂದವ್ರಾ ತಾಯಿ? ಒಂದ್ ತೊಟ್ಟು ಮುಟ್ದೋರಲ್ಲ ನಮ್ಮನೆಯೋರು. ಸತ್ತೋರ್ ಮೇಲೆ ಇಂಗನ್ನಬೌದಾ?" ಕಾಗದದಲ್ಲಿ ಹಾಗೇ ಇತ್ತು, ಕೆಳಗೆ ಹೆಬ್ಬೆಟ್ಟೂ ಇತ್ತು.

ಮುಂದಿನ ವಾಯಿದೆಗೆ ಅವಳು ಬರಲಿಲ್ಲ. ನಾನೇ ಹಳ್ಳಿಗೆ ಹೋದೆ. ಒಂದೇ ಸೂರಿನ ಕೆಳಗೆ ಅತ್ತೆ ಸೊಸೆಗೆ ಮಾತು ನಿಂತಿತ್ತು. ಸೊಸೆ ಮುದ್ದೆ ಮುರಿದು ಸಾರು ಹಾಕಿ ಹಾಸಿಗೆಯ ಪಕ್ಕ ಇಡುತ್ತಾಳೆ, ಮೈ ಒರೆಸುತ್ತಾಳೆ, ಮಗ್ಗುಲು ಬದಲಾಯಿಸುತ್ತಾಳೆ, ಬಾಯಿ ಬಿಡುವುದಿಲ್ಲ. "ಕೇಸು ಬೇಡ ಬುಡಿ ತಾಯಿ" ಎಂದಳು ನನಗೆ. ಅಜ್ಜಿ ಮಾತ್ರ ನನ್ನನ್ನು ಹತ್ತಿರ ಕರೆದು ಪಿಸುಗುಟ್ಟಿದರು. "ಇವ್ಳ್ಯಾಕ್ ಮಗ, ಇಂಗ್ ಮೂಗಿ ಆಗವ್ಳೆ? ನಾನೇನ್ ತಪ್ ಮಾಡ್ದೆ?"

ಆ ವಾರವೆಲ್ಲ ನಾನು ಎಲ್ಲಿದ್ದೆನೋ ನನಗೇ ಗೊತ್ತಿಲ್ಲ. ಅಮ್ಮಿ ಚಹಾ ತಂದಿಟ್ಟರೆ ಕೆನೆ ಕಟ್ಟುವವರೆಗೂ ನೋಡುತ್ತಾ ಕೂತಿರುತ್ತಿದ್ದೆ. ಒಂದು ಬೆಳಿಗ್ಗೆ ಅರೆನಿದ್ದೆಯಲ್ಲಿದ್ದಾಗ ಬೀದಿಯಲ್ಲಿ ಹೂ ಮಾರುವವಳ ಕೂಗು ಕೇಳಿಸಿತು. "ಊವಾ... ಊವಾ..." ದಿನವೂ ಕೇಳುವ ಕೂಗೇ. ಯಾರೂ ಅದನ್ನು ತಿದ್ದಿಕೊಂಡು ಕೇಳುವುದಿಲ್ಲ, ಊವು ಅಂದರೆ ಹೂವೇ. ಒಳಗಿನಿಂದ ಅಮ್ಮಿ ಅಣ್ಣನನ್ನು ಗದರುತ್ತಿದ್ದಳು. ನಮ್ಮ ಮನೆಮಾತು ದಖನಿಯಲ್ಲೂ ಹಕಾರಕ್ಕೆ ಮರ್ಯಾದೆ ಕಡಿಮೆ, "ನಹೀ" ಎನ್ನುವುದು ನಮ್ಮ ಬಾಯಲ್ಲಿ "ನೈ". ಹಾಗೆ ಮಲಗಿದಲ್ಲೇ ಎರಡು ಮಾತುಗಳ ನಡುವೆ ತೇಲುತ್ತಿದ್ದೆ. ಇದ್ದ ಹಕಾರ ಹೋಗುವುದು ಸರಿ, ಇಲ್ಲದ ಕಡೆ ಹಕಾರ ಬಂದು ಕೂತರೆ? ಆಳಾಗೋದ. ಅಜ್ಜಿ ಅಂದದ್ದು ಆಳಾಗೋದ. ಮಣ್ಣು ಕೊಟ್ಟ ಮಗ ಅಲ್ಲೇ ಆಳಾಗಿ ಹೋದ! ನಮ್ಮ ಶ್ರದ್ಧಾವಂತ ತರುಣ, ಹಳ್ಳಿಯವರು ನುಂಗಿದ ಅಕ್ಷರವನ್ನು ತಾನು ತುಂಬಿಕೊಡುತ್ತೇನೆಂದು, ಆಳನ್ನು ಹಾಳು ಮಾಡಿಟ್ಟಿದ್ದ.

ಮುಖ ಕೂಡ ತೊಳೆಯದೆ ಗಂಗಾನಗರಕ್ಕೆ ಓಡಿದೆ. ಸೀನಿಯರ್ ಪೇಪರ್ ಕೆಳಗಿಟ್ಟು, ಎರಡು ಮಾತನ್ನೂ ಬಾಯಲ್ಲಿ ಹೊರಳಿಸಿ ನೋಡಿದರು. "ಆಳು. ಹಾಳು. ಹೌದಲ್ಲಮ್ಮಾ! ಒಂದು ಉಸಿರಿನಷ್ಟೇ ವ್ಯತ್ಯಾಸ. ಬರಿ ಅರ್ಜಿ, ಸಾಕ್ಷಿನ ಮತ್ತೆ ಕೇಳ್ಬೇಕು ಅಂತ" ಎಂದರು.

ಅರ್ಜಿ ಬರೆಯುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ. ಎದುರು ವಕೀಲರು ಎದ್ದು ನಿಂತು, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದರು. ಹೇಳಿಕೆಯನ್ನು ಕನ್ನಡದಲ್ಲಿ ಓದಿ ಹೇಳಲಾಗಿದೆ, ಸಾಕ್ಷಿ ಒಪ್ಪಿದ್ದಾರೆ, ಈಗ ಹಾಸಿಗೆ ಹಿಡಿದ ಮುದುಕಿಗೆ ಪಾಠ ಹೇಳಿಕೊಟ್ಟು ಕೇಸಿನ ತೂತು ಮುಚ್ಚುತ್ತಿದ್ದಾರೆ ಎಂದರು. ಹೇಳಬೇಕೆಂದರೆ ವಾದ ಗಟ್ಟಿಯಾಗಿಯೇ ಇತ್ತು. ನಮ್ಮ ಸೀನಿಯರ್ ಅಂದು ನಿದ್ದೆಯ ಸುಳಿವೂ ಇಲ್ಲದೆ ಮಾತಾಡಿದರು. ತರುಣ ವಕೀಲರು ಓದಿ ಹೇಳಿದ ಹಾಳು, ಆಕೆಯ ಕಿವಿಗೆ ಆಕೆಯದೇ ಆಳಾಗಿ ಕೇಳಿಸಿದ್ದರೆ ಒಪ್ಪದೆ ಇನ್ನೇನು ಮಾಡುತ್ತಾರೆ ಎಂದು ಕೇಳಿದರು. ತರುಣ ವಕೀಲರು ತಾವೇ ಬಂದು, "ನನ್ನ ಕಿವಿಯ ಮೇಲೆ ನನಗೇ ಈಗ ನಂಬಿಕೆ ಇಲ್ಲ ಸ್ವಾಮಿ" ಎಂದು ಒಪ್ಪಿಕೊಂಡರು. ಅಧಿಕಾರಿಗಳು ಆ ಒಂದು ಮಾತಿನ ಬಗ್ಗೆ ಮಾತ್ರ ಮತ್ತೆ ಕೇಳಬಹುದು, ಉತ್ತರವನ್ನು ಸಾಕ್ಷಿಯ ಬಾಯಿಗೆ ಇಡಕೂಡದು, ಈ ಸಲ ಕನ್ನಡದಲ್ಲೇ ಬರೆಯಬೇಕು ಎಂದು ಆದೇಶ ಕೊಟ್ಟರು.

ಎಲ್ಲರೂ ಮತ್ತೆ ಆ ಮನೆಗೆ ಹೋದೆವು. ಹೆಂಚಿನ ನಡುವಿನ ಗಾಜಿನಿಂದ ಬಿಸಿಲು ಅಜ್ಜಿಯ ಹಾಸಿಗೆಯ ಮೇಲೆ ಬಿದ್ದಿತ್ತು, ಅದರೊಳಗೆ ಧೂಳು ನಿಧಾನವಾಗಿ ತಿರುಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಸೊಸೆ ಒಲೆಯ ಹತ್ತಿರ ನಮಗೆ ಬೆನ್ನು ಹಾಕಿ ನಿಂತಿದ್ದಳು.

"ಅಜ್ಜಿ, ನಿಮ್ಮ ಮಗನ ವಿಷಯ ಅವತ್ತು ಏನು ಹೇಳಿದ್ದು, ಇನ್ನೊಮ್ಮೆ ಹೇಳಿ" ಎಂದರು ತರುಣ ವಕೀಲರು.

"ಅದೇ ಕಣಪ್ಪ, ಮಣ್ ಕೊಟ್ಟೋನು ಅಲ್ಲೇ ಆಳಾಗೋದ ಅಂದೆ."

"ಆಳೋ, ಹಾಳೋ?" ತಡೆದುಕೊಳ್ಳಲಾರದೆ ಕೇಳಿಬಿಟ್ಟರು.

"ಊಂ ಕಣಪ್ಪ, ಆಳು."

"ಇದಕ್ಕೆ ನನ್ನ ಆಕ್ಷೇಪಣೆ ಇದೆ, ಬರ್ಕೊಳ್ಳಿ" ಎಂದರು ಎದುರು ವಕೀಲರು, ನಗುತ್ತಾ. "ಯಾವ ಆಳು ಅಂತ ನಿಮಗೇನಾದ್ರೂ ಗೊತ್ತಾಯ್ತಾ?" ನಿಜಕ್ಕೂ ಗೊತ್ತಾಗಿರಲಿಲ್ಲ. ಆ ಬಾಯಲ್ಲಿ ಎರಡೂ ಒಂದೇ ಆಗಿ ಹೊರಡುತ್ತಿತ್ತು. ನಗಬೇಕೋ ಅಳಬೇಕೋ ತೋಚಲಿಲ್ಲ. ಕೊನೆಗೆ ತರುಣ ವಕೀಲರು ಎಚ್ಚರದಿಂದ, "ಆ ಮಾತು ಅಂದ್ರೆ ಏನು, ನಿಮಗೆ ತಿಳಿದ ಹಾಗೆ ಬಿಡಿಸಿ ಹೇಳಿ" ಎಂದರು. ಅದಕ್ಕೆ ಯಾರ ಆಕ್ಷೇಪಣೆಯೂ ಬರಲಿಲ್ಲ.

ಅಜ್ಜಿ ನಮ್ಮೆಲ್ಲರ ಮುಖವನ್ನೂ ಒಮ್ಮೆ ನೋಡಿ ಸೂರು ನೋಡತೊಡಗಿದರು. ಕೇಳಿಸಲಿಲ್ಲವೇನೋ ಎಂದು ನಾನು ಬಗ್ಗುವಷ್ಟರಲ್ಲಿ ಮಾತು ಶುರುವಾಯಿತು.

"ಇದ್ನ ಎಂಗ್ ಯೋಳ್ಲಪ್ಪ. ನಮ್ಮಟ್ಟೀಲಿ ಆಳ್ಗೋಳು ಉಣ್ತಿದ್ರು. ನಾನೇ ಇಕ್ಕಿವ್ನಿ ಅವ್ರಿಗೆ. ನನ್ ಮಗ ಅದೇ ಒಲ್ದಾಗೆ ಇನ್ನೊಬ್ನ ಗುದ್ಲಿ ಇಡ್ಕೊಂಡ. ಮೇಸ್ತ್ರಿ ಬಾ ಅಂದ್ರೆ ಓಗೋನು, ಬೋದ್ರೆ ಬೋಸ್ಕೊಳ್ಳೋನು. ಸಂಜಿಗೆ ಕೂಲಿ ಇಸ್ಕೊಂಡು ಇತ್ಲ ಬಾಗ್ಲಿಂದ ಬರೋನು, ಬೀದಿ ಜನ ನೋಡ್ಬಾರ್ದು ಅಂತ. ಊರೋರು ಕೇಳುದ್ರೆ, ಗೂಡು ನೋಡ್ಕೊಳ್ಳಕ್ಕೋಗವ್ನೆ, ಯಜಮಾನ ಅಂತಿದ್ದೆ. ಆಳಾಗವ್ನೆ ಅಂತ ಒಬ್ಬರ್ತಾವೂ ಬಾಯಿ ಬುಟ್ಟಿರ್ಲಿಲ್ಲ. ಅವತ್ತು ಈ ವಕೀಲಪ್ಪ ದೇವರಾಣೆ ಇಕ್ಸುದ್ರಲ್ಲ, ಅದ್ಕೇ ಯೋಳ್ದೆ."

ಎದುರು ವಕೀಲರು ಪೆನ್ನಿನ ಮುಚ್ಚಳ ಹಾಕಿ ಹೊರಗೆ ಹೋಗಿ ನಿಂತರು. ಅವರ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಆ ಮನೆಯಲ್ಲಿ ಅಷ್ಟು ಹೊತ್ತೂ ನಾವು ಏನನ್ನು ಕೇಳುತ್ತಿದ್ದೆವು ಎಂದು ನನಗೂ ಆಗಲೇ ಅರ್ಥವಾದದ್ದು. ಬರೆದದ್ದನ್ನು ಓದಿ ಹೇಳಿದ ಮೇಲೆ ತರುಣ ವಕೀಲರು ಶಾಯಿಯ ಡಬ್ಬಿ ಹಿಡಿದರು. ಅಜ್ಜಿ ಕೈ ಕೊಡಲಿಲ್ಲ.

"ಆಳು ಅಂತ್ಲೇ ಬರ್ದಿದಿಯೇನಪ್ಪ?"

"ಹಾಗೇ ಬರೀಬೇಕು ಅಜ್ಜಿ. ಇಲ್ಲಾಂದ್ರೆ ನಿಮ್ಮ ಸೊಸೆಗೆ ಏನೂ ಸಿಗಲಿಕ್ಕಿಲ್ಲ."

ಅಜ್ಜಿ ಒಲೆಯ ಕಡೆ ನೋಡಿದರು. ಸೊಸೆ ತಿರುಗಿ ನಿಂತಿದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದು ಅವಳಿಗೆ ನೆನಪಿರಲಿಲ್ಲ. ಅಜ್ಜಿ ಹೆಬ್ಬೆರಳನ್ನು ತಾವೇ ಶಾಯಿಗೆ ಒತ್ತಿದರು.

ರಾಗಿ ಕೊಯ್ಲಿನ ಹೊತ್ತಿಗೆ ಆದೇಶ ಬಂತು. ಸತ್ತವನು ಆ ಗೂಡಿನ ಕಾರ್ಮಿಕ, ಹೆಂಡತಿ ಪರಿಹಾರಕ್ಕೆ ಹಕ್ಕುಳ್ಳವಳು. ಸೀನಿಯರ್ ನನಗೇ ಹೋಗಿ ಹೇಳಿ ಬಾ ಎಂದರು. ಆ ದಿನ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಹೊಲಗಳ ನಡುವೆ ಹೆಚ್ಚುಕಡಿಮೆ ಓಡುತ್ತಲೇ ಹೋಗಿ, ಬಾಗಿಲಲ್ಲೇ ನಿಂತು, ಬುದ್ಧಿಯಿಲ್ಲದವಳ ಹಾಗೆ ಜೋರಾಗಿ ಕೂಗಿದೆ. "ಗೆದ್ವಿ ಅಜ್ಜಿ! ನಿಮ್ಮ ಮಗ ಆಳೇ ಅಂತ ತೀರ್ಮಾನ ಆಯ್ತು!"

"ಅಂಗಂತ ಸರ್ಕಾರ್ದೋರೇ ಬರ್ದವ್ರಾ?"

"ಹೂಂ ಅಜ್ಜಿ, ಅವ್ರೇ."

"ಒಳ್ಳೇದಾಯ್ತು ಬುಡು ಮಗ" ಎಂದು ಅಜ್ಜಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಬೆನ್ನು ಮಾತ್ರ ಸಣ್ಣಗೆ ಅಲುಗುತ್ತಿತ್ತು. ನಾನು ಕೊಟ್ಟ ಕಾಗದವನ್ನು ಸೊಸೆ ಬಿಡಿಸಿ ಕೂಡ ನೋಡದೆ ಗೋಡೆಯ ಗೂಡಿನಲ್ಲಿಟ್ಟು, ಹಾಸಿಗೆಯ ಪಕ್ಕ ಕೂತು, ಅತ್ತೆಯ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು ಒತ್ತತೊಡಗಿದಳು.

"ಅಳ್ಬ್ಯಾಡತ್ತೆ. ಊರಾಗೆ ಯಾರಾನ ಕೇಳುದ್ರೆ ಯಜಮಾನ್ರಾಗಿ ಗೂಡು ನೋಡ್ಕೊಳ್ಳಕ್ಕೋಯ್ತಿದ್ರು ಅಂತ್ಲೇ ಯೋಳಾನ. ನಾನೂ ಅಂಗೇ ಯೋಳ್ತೀನಿ."