ರೇಡಿಯೋ ಸದ್ದು ಇಳಿಸಿ

ಕೆಂಟಕಿಯ ಗುಡ್ಡಗಾಡಿನ ಆ ಪುಟ್ಟ ಊರಿನಲ್ಲಿ ವರ್ನಾಳ ಮುಖ ಗೊತ್ತಿಲ್ಲದವರು ಇರಬಹುದು, ದನಿ ಗೊತ್ತಿಲ್ಲದವರು ಇರಲಿಲ್ಲ. ಮೂವತ್ತೊಂದು ವರ್ಷ ಅವಳು ಬೆಳಿಗ್ಗೆ ಒಂಬತ್ತಕ್ಕೆ ಪಿಟೀಲು, ಬ್ಯಾಂಜೊ ಹಾಡುಗಳನ್ನು ನಿಲ್ಲಿಸಿ ಊರವರ ಫೋನು ಎತ್ತುತ್ತಿದ್ದಳು. ಒಬ್ಬರಿಗೆ ಕೋಳಿಗೂಡು ಮಾರಬೇಕು, ಇನ್ನೊಬ್ಬರಿಗೆ ಟ್ರ್ಯಾಕ್ಟರ್ ಟೈರು ಬೇಕು. ಎಲ್ಲವೂ ರೇಡಿಯೋದಲ್ಲಿ ಊರಿಗೆಲ್ಲ ಕೇಳುತ್ತಿತ್ತು. ಅವಳ ಕಟ್ಟಳೆ ಎರಡೇ. ಫೋನಿನಲ್ಲಿ ಮಾತಾಡುವ ಮೊದಲು ಮನೆಯ ರೇಡಿಯೋ ಸದ್ದು ಇಳಿಸಬೇಕು, ಇಲ್ಲದಿದ್ದರೆ ಅವರ ಮಾತೇ ಅವರಿಗೆ ತಿರುಗಿ ಕೇಳಿ ಗೊಂದಲವಾಗುತ್ತದೆ. ಕೊನೆಗೆ ಅವರ ನಂಬರನ್ನು ಅವಳೇ ಎರಡು ಸಲ ಓದಬೇಕು. ಸದ್ದು ಇಳಿಸದವರನ್ನು, ಪಾದ್ರಿಯಾದರೂ ಸರಿ, ಗದರದೆ ಬಿಟ್ಟವಳಲ್ಲ.

ಮಾರ್ಚಿನಿಂದ ದಿನಾ ಮೊದಲ ಫೋನು ಡೆಲ್ಬರ್ಟನದು. ಗಣಿ ಕೆಲಸ ಬಿಟ್ಟು ಒಬ್ಬನೇ ಇದ್ದ ಮುದುಕ. ಅವನ ಬೇಟೆನಾಯಿ ಕ್ವೀನಿ ಕಳೆದುಹೋಗಿತ್ತು. ಒಮ್ಮೆ ಯಾರೋ ಹೊಳೆಯಾಚೆ ಅದನ್ನು ಕಂಡೆ ಎಂದಿದ್ದರು. ಅಂದಿನಿಂದ ಆ ಒಂಬತ್ತು ಗಂಟೆಯ ಮೇಲೆಯೇ ಅವನ ಆಸೆಯೆಲ್ಲ.

ಆಗಸ್ಟಿನಲ್ಲಿ ರೇಡಿಯೋ ಸ್ಟೇಷನ್ ಮಾರಾಟವಾಯಿತು. ಕೊಂಡ ಕಂಪನಿಯವರು, ಈ ಊರನ್ನು ನಕ್ಷೆಯಲ್ಲೂ ನೆಟ್ಟಗೆ ನೋಡದ ಪುಣ್ಯಾತ್ಮರು, ಒಂದು ಕಂಪ್ಯೂಟರ್ ತಂದಿಟ್ಟರು. ಹಾಡು ಅದೇ ಹಾಕುತ್ತದೆ, ಮಾತು ಬೇಡ ಎಂದರು. ವರ್ನಾ ಬೇಡಿಕೊಂಡಳು, ಜಗಳವಾಡಿದಳು, ಅತ್ತೂ ಅತ್ತಳು. ಕೊನೆಗೆ ಉಳಿದದ್ದು ಬೆಳಿಗ್ಗೆ ಬಾಗಿಲು ತೆಗೆದು ಆ ಯಂತ್ರವನ್ನು ಕಾಯುವ ಕೆಲಸ.

ಹೊಸ ಏರ್ಪಾಟಿನ ಮೊದಲ ದಿನ, ಸೋಮವಾರ, ಸರಿಯಾಗಿ ಒಂಬತ್ತಕ್ಕೆ ಫೋನು ಬಡಿದುಕೊಂಡಿತು. ಮೈಕಿನ ವಯರು ಕಿತ್ತಾಗಿತ್ತು. ಆದರೂ ಎತ್ತಿದಳು.

"ವರ್ನಾ, ನಾನೇ. ಮಾತಾಡ್ಲಾ?"

ಇಲ್ಲ ಎನ್ನಲು ಅವಳಿಗೆ ನಾಲಗೆ ಏಳಲಿಲ್ಲ. "ಮಾತಾಡಿ ಡೆಲ್ಬರ್ಟ್. ಎಲ್ಲಾ ಕೇಳ್ತಿದಾರೆ."

ಅವನು ನಿಧಾನವಾಗಿ ಎಲ್ಲ ಹೇಳಿದ: ಹರಿದ ಎಡಗಿವಿ, ಕೊರಳಲ್ಲಿ ಕೆಂಪು ಪಟ್ಟಿ, ಹೆಸರು ಕರೆದರೆ ಬರುತ್ತೆ. ಕಂಡವರು ದಯವಿಟ್ಟು ತಿಳಿಸಿ ಎಂದು ವರ್ನಾ ಹಳೆಯ ದನಿಯಲ್ಲೇ ಸೇರಿಸಿದಳು. ತನ್ನ ಸುಳ್ಳಿಗೆ ಅವಳಿಗೇ ನಾಚಿಕೆಯಾಯಿತು.

ಫೋನಿನಲ್ಲಿ ಅವನ ಅಡುಗೆಮನೆಯಿಂದ ಹಾಡೊಂದು ಕೇಳುತ್ತಿತ್ತು. ಇಲ್ಲಿ ಯಂತ್ರ ಹಾಕಿದ್ದೂ ಅದೇ ಹಾಡು.

"ಇವತ್ತು ನಾನು ರೇಡಿಯೋ ಸದ್ದು ಇಳಿಸ್ಲಿಲ್ಲ ಕಣಮ್ಮ," ಎಂದ ಡೆಲ್ಬರ್ಟ್.

"ತಪ್ಪಾಯ್ತು ಡೆಲ್ಬರ್ಟ್," ಎಂದಳು ವರ್ನಾ.

"ಇರ್ಲಿ ಬಿಡು, ನೀನಾದ್ರೂ ಏನ್ ಮಾಡ್ತೀಯ. ನಂಬರ್ ಒಂದು ಓದ್ಬಿಡು."

ಅವಳು ಅವನ ನಂಬರನ್ನು ಅವನಿಗೇ ಎರಡು ಸಲ ಓದಿದಳು.