ಗೆಟ್ಟವಾಡಿಯ ಗಾಡಿ ಚಿನ್ನಸ್ವಾಮಿಯ ಜೋಡಿ ದೋಣಿ

ಬೆಳಗಿನ ಮಂಜು ಇನ್ನೂ ಕೋಸಿನ ಹೊಲಗಳ ಮೇಲಿಂದ ಎದ್ದಿಲ್ಲ. ಗೆಟ್ಟವಾಡಿಯ ರಸ್ತೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಚಿನ್ನಸ್ವಾಮಿ ದೋಣಿಗೆ ಕಾಲು ಕೊಟ್ಟು, ನೈಲಾನ್ ಹಗ್ಗವನ್ನು ಹಲ್ಲು ಕಚ್ಚಿ ಜಗ್ಗುತ್ತಿದ್ದಾರೆ. ಒಂದೇ ದೋಣಿಯಲ್ಲ, ಎರಡು. ಹದಿನಾರು ಅಡಿ ಉದ್ದದ ಎರಡು ಸಣಕಲು ದೋಣಿಗಳನ್ನು ಪಕ್ಕಪಕ್ಕ ನಿಲ್ಲಿಸಿ, ಮೇಲೆ ಅಡ್ಡಮರಗಳನ್ನು ಬಿಗಿದಿದ್ದಾರೆ. ಚಾಮರಾಜನಗರದ ಮೊದಲ ಬಸ್ಸಿಗೆ ಕಾದು ನಿಂತವರೊಬ್ಬರು, ಸಮುದ್ರ ಯಾವಾಗ ಬರುತ್ತದೆ ಚಿನ್ನಣ್ಣ ಎಂದು ದಿನದ ಹಾಗೆ ಕೆಣಕುತ್ತಾರೆ. ಇವರು ತಲೆ ಎತ್ತುವುದಿಲ್ಲ, ನಗು ಮಾತ್ರ ಮೀಸೆಯಡಿ ಕಾಣುತ್ತದೆ.

ಕೆಣಕುವವರದೂ ತಪ್ಪಿಲ್ಲ. ತಮಿಳುನಾಡಿಗೆ ಸೇರಿದ ತಾಳವಾಡಿಯ ಈ ಬೆಟ್ಟಸಾಲಿನಲ್ಲಿ ದೋಣಿ ಓಡುವಂಥ ಹೊಳೆ ಎಲ್ಲಿದೆ? ಚಿನ್ನಸ್ವಾಮಿ ಅಸಲಿಗೆ ಎತ್ತಿನಗಾಡಿ ಮಾಡುವವರು. ಟ್ರ್ಯಾಕ್ಟರುಗಳು ಬಂದ ಮೇಲೆ ಗಾಡಿ ಕೇಳುವವರಿಲ್ಲದೆ ಮಂಚ, ಬಾಗಿಲು ಅಂತ ಕಾಲ ತಳ್ಳುತ್ತಿದ್ದರು. ದೊಡ್ಡಗಾಜನೂರಿನ ರೈತರೊಬ್ಬರು ತಮ್ಮ ಕೃಷಿಹೊಂಡದ ಕಳೆ ತೆಗೆಯಲು ತೇಲುವಂಥದ್ದೇನಾದರೂ ಬೇಕು ಎಂದಾಗ, ದನಗಳು ನೀರು ಕುಡಿಯುವ ಎರಡು ಮರದ ತೊಟ್ಟಿಗಳ ಮೇಲೆ ಹಲಗೆ ಕಟ್ಟಿ ಕೊಟ್ಟರು. ಅದು ತೇಲಿತು. ಅಲ್ಲಿಂದ ಹುಚ್ಚು ಹಿಡಿಯಿತು.

ಈಗ ಅವರ ದೋಣಿಗೆ ಪ್ಲೈವುಡ್ಡಿನ ಮೈ, ಅದರ ಮೇಲೆ ಫೈಬರ್ ಬಟ್ಟೆಯ ಹೊದಿಕೆ. ಅಂಟು ಹಚ್ಚಿ ಬಟ್ಟೆ ಮೆತ್ತುವುದು ಹೆಂಡತಿ ರಾಚಮ್ಮನ ಕೆಲಸ. ಗಾಳಿಗುಳ್ಳೆ ಉಳಿಯದ ಹಾಗೆ ಅವರು ಅಂಗೈಯಲ್ಲಿ ಸವರುವುದು ನೋಡಲು ಚೆಂದ. ಆದರೆ ಭಾಷೆ ಮಾತ್ರ ಇನ್ನೂ ಗಾಡಿಯದೇ. ಎರಡು ದೋಣಿಗಳಿಗೆ ಎಡದೆತ್ತು, ಬಲದೆತ್ತು ಎಂದು ಹೆಸರು. ಅಡ್ಡಮರಕ್ಕೆ ನೊಗ. ನಡುವಿನ ಅಂತರವನ್ನೂ ಹಳೆಯ ನೊಗವೊಂದನ್ನಿಟ್ಟೇ ಅಳೆಯುತ್ತಾರೆ. ಬೋಲ್ಟ್ ಹಾಕದೆ ಹಗ್ಗ ಯಾಕೆ ಎಂದು ನಾನು ಕೇಳಿದೆ.

"ಎರಡೆತ್ತೂ ಒಂದೇ ಸಮ ಎಜ್ಜ ಇಡ್ತವಾ ಸ್ವಾಮಿ? ಅಲೆ ಬಂದಾಗ ಒಂದು ಏಳ್ತದ, ಇನ್ನೊಂದು ಇಳೀತದ. ಬೋಲ್ಟ್ ಆಕುದ್ರ ಮರ ಸೀಳೋಯ್ತದ. ಅಗ್ಗ ಆದ್ರ ಒಸಿ ಬಗ್ಗಿಕೊಡ್ತದ ಕಣಿ" ಎಂದರು.

ಇಂದು ಹೊರಟಿರುವುದು ಸುನೀತ ಅವರ ದೋಣಿ. ಗಡಿಯಾಚೆ, ಕರ್ನಾಟಕದ ಜಲಾಶಯವೊಂದರಲ್ಲಿ ಬಲೆ ಹಾಕುವ ಹೆಣ್ಣುಮಗಳು. ಕಳೆದ ಮಳೆಗಾಲದ ಗಾಳಿಗೆ ಅವರ ಹರಿಗೋಲು ನಡುನೀರಿನಲ್ಲಿ ಮಗುಚಿತು. ಬೋರಲಾದ ಹರಿಗೋಲನ್ನೇ ತಬ್ಬಿಕೊಂಡು, ಬೇರೆಯವರು ಬರುವ ತನಕ ಜೀವ ಕೈಯಲ್ಲಿ ಹಿಡಿದಿದ್ದರು. ಆಮೇಲೆ ಬಲೆ ಹಾಕಲು ನೀರಿಗಿಳಿದಿಲ್ಲ, ದಡದಲ್ಲಿ ಕೂತು ಇತರರ ಮೀನು ಆರಿಸುತ್ತಾರೆ. ಈ ಸಲವೂ ಇಳಿಯದಿದ್ದರೆ ಅವರ ಪಾಲಿನ ಜಾಗದಲ್ಲಿ ಬಲೆ ಹಾಕುವ ಹಕ್ಕು ಬೇರೆಯವರಿಗೆ ಎಂದು ಮೀನುಗಾರರ ಸಂಘ ಹೇಳಿಬಿಟ್ಟಿದೆ. ಮಗುಚದ ದೋಣಿ ಬೇಕು ಎಂದು ಅವರು ಚಿನ್ನಸ್ವಾಮಿಯನ್ನು ಹುಡುಕಿಕೊಂಡು ಬಂದದ್ದು ಆಗಲೇ.

ಹೋದ ತಿಂಗಳ ಮೊದಲ ಪರೀಕ್ಷೆಯಲ್ಲಿ ಚಿನ್ನಸ್ವಾಮಿ ಎಡವಿದರು. ಹಿಂದಿನ ದೋಣಿಗಳಲ್ಲಿ ಜನ ಮಾತ್ರ ಕೂರುತ್ತಿದ್ದರು. ಮೀನಿನ ಪೆಟ್ಟಿಗೆ ಇಟ್ಟದ್ದು ಇದರಲ್ಲೇ ಮೊದಲು. ಗಾಡಿಯವರ ಲೆಕ್ಕದಲ್ಲಿ ಭಾರ ತುಸು ಮುಂದಕ್ಕಿರಬೇಕು, ಇಲ್ಲದಿದ್ದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ಮೇಲೇಳುತ್ತದೆ. ಕೈ ತನ್ನ ಪಾಡಿಗೆ ಪೆಟ್ಟಿಗೆಯನ್ನು ಮುಂದೆಯೇ ಕೂರಿಸಿತ್ತು.

"ನೀರ್ಗ ಇಳ್ಸುದ್ರ, ಎರಡೆತ್ತೂ ಮೂಗು ತಗ್ಗುಸಿ ಕುಡಿಯಾಕ ನಿಂತ್ಕಬುಡದಾ!" ಎಂದು ಅವರೇ ನಗುತ್ತಾರೆ. ಆದರೆ ಅಂದು ರಾಚಮ್ಮನ ಹಿಂದೆಯೇ ಹತ್ತಿ ಪಾದ ನೆನೆದ ಸುನೀತ ದಡಕ್ಕೆ ಹಾರಿ, ಹಿಂದಿರುಗಿ ನೋಡದೆ ಮನೆಗೆ ಹೋಗಿದ್ದರು. ಆ ರಾತ್ರಿ ಗಂಡ ಅನ್ನ ಮುಟ್ಟಲಿಲ್ಲ ಎಂದು ರಾಚಮ್ಮ ಮೆಲ್ಲಗೆ ತಿಳಿಸಿದರು. ಈಗ ಪೆಟ್ಟಿಗೆ ನಟ್ಟನಡುವಿಗೆ ಬಂದಿದೆ. ಹಿಂದೆ ಕೂರುವ ಹಲಗೆ, ಬದಿಗೆ ಹುಟ್ಟು ಸಿಕ್ಕಿಸುವ ಕೊಂಡಿ, ಬಲೆ ಸುತ್ತಿಡಲು ತಟ್ಟೆ.

ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ದೋಣಿ ಗಡಿ ದಾಟಿ ಜಲಾಶಯ ಮುಟ್ಟುವಾಗ ಬಿಸಿಲು ಚುರುಗುಟ್ಟುತ್ತಿದೆ. ಸುನೀತ ಕೈಕಟ್ಟಿ ದೂರವೇ ನಿಂತಿದ್ದಾರೆ. ದೋಣಿ ನೀರಿಗಿಳಿಯುತ್ತದೆ, ಈ ಸಲ ಮೂಗು ತಗ್ಗುವುದಿಲ್ಲ. ಯಾವಾಗಲೂ ಮೊದಲು ಹತ್ತುವುದು ರಾಚಮ್ಮ, ಏಕೆಂದರೆ ಚಿನ್ನಸ್ವಾಮಿಗೆ ನೀರೆಂದರೆ ಭಯ, ಈಜೂ ಬಾರದು. ತಾವು ಮಾಡಿದ ಒಂದು ದೋಣಿಯಲ್ಲೂ ಕೂತವರಲ್ಲ. ರಾಚಮ್ಮ ಸೀರೆ ಎತ್ತಿ ಕಟ್ಟುವಷ್ಟರಲ್ಲಿ ಸುನೀತ ತಡೆಯುತ್ತಾರೆ.

"ಅಕ್ಕ ಬ್ಯಾಡ. ಮಾಡ್ದೋರೇ ಕೂತ್ಕಳ್ಳಿ. ಅವ್ರ ಎದ್ರಿಕ ನೋಡ್ಬುಟ್ಟು, ದೋಣಿ ಎಂಗದ ಅಂತ ನಾನು ಏಳ್ತೀನಿ."

ಚಿನ್ನಸ್ವಾಮಿ ಹೆಂಡತಿಯ ಮುಖ ನೋಡುತ್ತಾರೆ. ಹೆಂಡತಿ ಬೇಕೆಂದೇ ಬೆಟ್ಟ ನೋಡುತ್ತಾರೆ. ಕೊನೆಗೆ ಲೈಫ್ ಜಾಕೆಟ್ ತೊಟ್ಟು, ಎರಡೂ ಕೈಯಲ್ಲಿ ನೊಗ ಹಿಡಿದು, ಕಣ್ಣು ಮುಚ್ಚಿ ಕೂತೇಬಿಡುತ್ತಾರೆ. ಗಾಳಿ ಬೀಸುತ್ತದೆ. ದೋಣಿ ಮೆಲ್ಲಗೆ ದಡ ಬಿಟ್ಟು ಹೊರಡುತ್ತದೆ. ಹುಟ್ಟು ಪಕ್ಕದಲ್ಲೇ ಇದೆ, ಹಾಕಲು ಯಾರಿಗೆ ಗೊತ್ತು? "ರಾಚೀ" ಎಂಬ ಸಣ್ಣ ದನಿಯೊಂದು ನೀರಿನ ಮೇಲಿಂದ ಬರುತ್ತದೆ. ದಡದಲ್ಲಿ ನಾವೆಲ್ಲ ನಗುತ್ತ ನಿಂತಿರುವಾಗಲೇ ಸುನೀತ ಎದೆಮಟ್ಟದ ನೀರಿಗೆ ನುಗ್ಗಿ, ಬಲದೆತ್ತಿನ ಅಂಚು ಹಿಡಿದು ಹತ್ತಿ, ಹುಟ್ಟು ಕಿತ್ತುಕೊಂಡಿದ್ದಾರೆ. ಹತ್ತಿದ ಭಾರಕ್ಕೆ ದೋಣಿ ತುಸು ವಾಲಿ, ಮತ್ತೆ ನೆಟ್ಟಗಾಗುತ್ತದೆ.

ನೇರ ದಡಕ್ಕೆ ಬರುತ್ತಾರೆ ಎಂದುಕೊಂಡರೆ ಇಲ್ಲ. ಒಂದು ದೊಡ್ಡ ಸುತ್ತು ಹಾಕಿ, ಗಾಳಿಗೆ ಅಡ್ಡ ನಿಲ್ಲಿಸಿ, ಬೇಕೆಂದೇ ಒಮ್ಮೆ ಕುಲುಕಿ ನೋಡುತ್ತಾರೆ. ಚಿನ್ನಸ್ವಾಮಿ ಕಣ್ಣು ಬಿಟ್ಟಿಲ್ಲ. ದಡ ತಾಕಿದಾಗ ಸುನೀತ ದೋಣಿ ಹೇಗಿದೆಯೆಂದು ಒಂದು ಮಾತೂ ಆಡುವುದಿಲ್ಲ.

"ಇಳ್ಕಳಿ ಅಣ್ಣ, ಬಿಸ್ಲು ಏರ್ತಾ ಅದ. ಬಲೆ ಆಕ್ಬೇಕು" ಎನ್ನುತ್ತಾರೆ ಅಷ್ಟೆ.

ಬಲೆ ತುಂಬಿಕೊಂಡು ದೋಣಿ ಮತ್ತೆ ಹೊರಡುತ್ತದೆ. ಚಿನ್ನಸ್ವಾಮಿಯ ಕಣ್ಣು ಒದ್ದೆಯಾಗಿದೆ. ದೋಣಿಯನ್ನೇ ನೋಡುತ್ತ ನನಗೆ ಹೇಳುತ್ತಾರೆ:

"ನನ್ನ ಇಳ್ಸುಬುಟ್ಟು ಒಬ್ಳೇ ನೀರ್ಗ ಓದ್ಲು ನೋಡಿ ಸ್ವಾಮಿ. ಇದ್ಕಿಂತ ಇನ್ನೇನ್ ಬೇಕು."