ಅವನ ಟಿಪ್ಪಣಿಯಲ್ಲಿ ಅವಳ ದಮ್ಮು

ಮಾನ್ವಿಯಲ್ಲಿ ನನ್ನದೊಂದು ಸಣ್ಣ ದವಾಖಾನೆ. ರಾಯಚೂರಿನಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಹೊರಳಿ ಹೋಗುತ್ತೇನೆ. ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ, ಏನೇ ಇರಲಿ, ಜನ ಮೊದಲು ನನ್ನ ಹತ್ತಿರ ಬರುತ್ತಾರೆ. ನನ್ನ ಕೈಮೀರಿದ್ದನ್ನು ರಾಯಚೂರಿಗೆ ಕಳಿಸುತ್ತೇನೆ.

ಈಚೆಗೆ ನನ್ನ ಮೇಜಿನ ಮೇಲೆ ಒಂದು ಫೋನು ಇರುತ್ತದೆ. ನಾನೂ ರೋಗಿಯೂ ಆಡುವ ಮಾತು ಕೇಳಿಸಿಕೊಂಡು, ಏನು ತೊಂದರೆ, ಎಂದಿನಿಂದ, ಯಾವ ಔಷಧ ಎಂದು ತಾನೇ ಟಿಪ್ಪಣಿ ಬರೆಯುವ ಕೃತಕ ಬುದ್ಧಿಮತ್ತೆ ಅದರಲ್ಲಿದೆ. ಮೊದಲೆಲ್ಲ ಕಂಪ್ಯೂಟರಿಗೆ ಕಣ್ಣು, ರೋಗಿಗೆ ಬರೀ ಕಿವಿ ಕೊಡುತ್ತಿದ್ದೆ. ಈಗ ಮುಖ ನೋಡಿ ಮಾತಾಡುತ್ತೇನೆ. ಆದರೆ ಅದು ಬರೆದದ್ದನ್ನು ಹಾಗೇ ನಂಬುವಂತಿಲ್ಲ. ನಮ್ಮ ಕಡೆಯ ಮಾತು ಅದಕ್ಕಿನ್ನೂ ಪೂರ್ತಿ ಪಳಗಿಲ್ಲ. ಹಾಗಾಗಿ ಕೊನೆಗೆ ರೋಗಿಯ ಎದುರೇ ಓದಿ, ಸರಿಯೇ ಎಂದು ಕೇಳಿಕೊಳ್ಳುವ ರೂಢಿ ಇಟ್ಟುಕೊಂಡಿದ್ದೇನೆ.

ಭತ್ತದ ನಾಟಿ ನಡೆದಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಗಂಡ ಹೆಂಡತಿ ಬಂದರು. ಅವನು ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲಿ. ಅವಳು ನಾಟಿ ಹಚ್ಚಲು ಹೋಗುವವಳು, ದೇವದುರ್ಗದಿಂದ ಮದುವೆಯಾಗಿ ಬಂದವಳು. ಬೇನೆ ಅವನದು: ಹೊಟ್ಟಿನ ಧೂಳಿಗೆ ಕೆಮ್ಮು, ಜೊತೆಗೆ ಮೊಣಕಾಲು ನೋವು. ಮಾತು ಮಾತ್ರ ಪೂರಾ ಅವಳದು. ಗಿರಣಿಯ ಸದ್ದಿಗೆ ಅವನ ಕಿವಿ ಮಂದವಾಗಿತ್ತು. ಯಾರು ಏನೇ ಕೇಳಿದರೂ ಅವಳ ಮುಖ ನೋಡುತ್ತಿದ್ದ. ಫೋನು ನಮ್ಮ ಮಾತು ಬರೆದುಕೊಳ್ಳುತ್ತದೆ, ನಡೆದೀತೇ ಎಂದು ಕೇಳಿದಾಗ ಅವನ ಕಿವಿಗೆ ಬಾಯಿಟ್ಟು ಅದನ್ನು ತಿಳಿಸಿದವಳೂ ಅವಳೇ. ಅವನು ತಲೆಯಾಡಿಸಿದ. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ಕಟ್ಟಿಕೊಳ್ಳುವುದಿಲ್ಲ, ಉಣ್ಣುವಾಗಲೂ ಕೆಮ್ಮುತ್ತಾನೆ ಎಂದು ಅವಳು ಹೇಳುತ್ತಿದ್ದಂತೆ ನಾನು ಸ್ಟೆತಸ್ಕೋಪು ಕಿವಿಗೆ ಹಚ್ಚಿಕೊಂಡು ಅವನ ಬೆನ್ನ ಮೇಲೆ ಇಟ್ಟೆ. ಆಮೇಲೆ ಅವಳೇನಂದಳೋ ನನಗೆ ಕೇಳಲಿಲ್ಲ.

ಔಷಧ ಬರೆದುಕೊಟ್ಟು, ಅವನಿಗೆ ಕೇಳಲೆಂದು ದನಿಯೆತ್ತಿ ಟಿಪ್ಪಣಿ ಓದಿದೆ. ಕೆಮ್ಮು, ಮೊಣಕಾಲು ಎಂದಾಗ ತಲೆಯಾಡಿಸಿದ. ಮುಂದೆ ಓದಿದೆ: ಮೆಟ್ಟಿಲು ಹತ್ತಿದರೆ ದಮ್ಮು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಗೋಡೆಗೆ ಒರಗಿ ಕೂರಬೇಕು. ಸಂಜೆಗೆ ಪಾದಗಳು ಬಾತುಕೊಳ್ಳುತ್ತವೆ.

"ಅದು ನಂದಲ್ರೀ ಮೇಡಮ್ರೀ" ಎಂದ ಅವನು.

ಯಂತ್ರ ಏನೋ ಕಲಸಿಟ್ಟಿದೆ ಎಂದುಕೊಂಡು ಆ ಸಾಲುಗಳನ್ನು ಅಳಿಸಲು ಹೋದೆ. ಅಷ್ಟರಲ್ಲಿ ಅವಳು ಬಾಗಿಲ ಕಡೆ ಮುಖ ತಿರುಗಿಸಿ, ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡದ್ದು ಕಂಡಿತು. ಹಾಗಾದರೆ ಇದು ಯಾರದು ಎಂದು ಕೇಳಿದೆ. ಅವಳು, ನನಗೂ ಹೀಗೆಲ್ಲ ಆಗುತ್ತದೆ ಎಂದು ಬಾಯಲ್ಲೇ ಅಂದುಕೊಂಡೆ, ಅದನ್ನೂ ಫೋನು ಬರೆದುಬಿಟ್ಟಿದೆ, ಬಿಡಿ ಎಂದಳು. ಯಾರ ದನಿ ಯಾರದೆಂದು ತಿಳಿಯದ ಫೋನು ಇಬ್ಬರ ಬೇನೆಯನ್ನೂ ಒಬ್ಬನ ಮೈಗೇ ಹಚ್ಚಿತ್ತು.

ಅವನು ಬಗ್ಗಿ ಅವಳ ಪಾದ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ನನಗೆ ಹೇಳಿದ: "ರಾತ್ರಿ ಎದ್ದು ಕುಂತಿರ್ತಾಳ್ರೀ. ಕೇಳಿದ್ರ ಸೆಕಿ ಅಂತಾಳ. ಸೆಕಿನೇ ಅನ್ಕೊಂಡು ನಾ ಬೀಸಣಿಗಿ ತಗೊಂಡು ಗಾಳಿ ಹಾಕ್ತಿದ್ದೆ."

ಅವಳನ್ನು ಮಂಚದ ಮೇಲೆ ಮಲಗಿಸಿ ಪರೀಕ್ಷಿಸಿದೆ. ಎದೆಬಡಿತದ ನಡುವೆ ಇರಬಾರದ ಒಂದು ಸದ್ದಿತ್ತು, ದೂರದಲ್ಲಿ ಗುಡುಗಿದ ಹಾಗೆ. ಚಿಕ್ಕಂದಿನಲ್ಲಿ ಜ್ವರ ಬಂದು ಕೀಲುಗಳು ಬಾತು, ಶಾಲೆ ಬಿಟ್ಟಿದ್ದಳಂತೆ. ಆ ಜ್ವರ ಕೆಲವರಲ್ಲಿ ಹೃದಯದ ಕವಾಟವನ್ನು ಬಿಗಿಯಾಗಿಸುತ್ತದೆ. ಹೃದಯದ ಆ ಬಾಗಿಲು ಪೂರ್ತಿ ತೆರೆಯದೆ ರಕ್ತ ಹಿಂದೆ ನಿಲ್ಲುತ್ತಿದೆ ಎಂದು ತಿಳಿಸಿ, ರಾಯಚೂರಿಗೆ ಹೋಗಿ ಹೃದಯದ ಸ್ಕ್ಯಾನ್ ಮಾಡಿಸಬೇಕು ಎಂದೆ.

ನಾಟಿ ಮುಗಿಯಲಿ ಎಂದಳು. ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು ಎಂದಳು. ಅವನಿಗೆ ಎಷ್ಟು ಕೇಳಿತೋ ಗೊತ್ತಿಲ್ಲ. ಎದ್ದು ಹೋಗಿ ಮಂಚದ ಕೆಳಗಿದ್ದ ಅವಳ ಚಪ್ಪಲಿಗಳನ್ನು ಪಾದಗಳ ಹತ್ತಿರ ಸರಿಸಿಟ್ಟ.

"ಇಷ್ಟ್ ವರ್ಸ ನನ್ನ ಮಾತೆಲ್ಲ ನೀನ ಆಡಿದಿ. ಇದೊಂದು ನಾ ಆಡ್ತೀನಿ. ನಡಿ, ಹೋಗೋಣು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಅವಳ ಹೆಸರಿನಲ್ಲಿ ಬೇರೆ ಟಿಪ್ಪಣಿ ತೆರೆದು ಆ ಸಾಲುಗಳನ್ನು ಅಲ್ಲಿಗೆ ಸೇರಿಸಿ, ರಾಯಚೂರಿನ ವೈದ್ಯರಿಗೆ ಬರೆದುಕೊಟ್ಟೆ.

ಸ್ಕ್ಯಾನಿನಲ್ಲೂ ಅದೇ ಕಂಡಿತು. ಮಾತ್ರೆಗಳಿಂದ ಪಾದದ ಬಾವು ಇಳಿಯಿತು. ಕೆಲವು ತಿಂಗಳ ನಂತರ ದೊಡ್ಡ ಆಸ್ಪತ್ರೆಯೊಂದರಲ್ಲಿ ತೊಡೆಯ ರಕ್ತನಾಳದಿಂದ ಸಣ್ಣ ಬಲೂನು ಹಾಯಿಸಿ ಕವಾಟ ಅಗಲಿಸಿದರು. ಮರುದಿನ ಅವನು ಫೋನು ಮಾಡಿದ. ನಾನು ಕೇಳಿದ ಒಂದು ಪ್ರಶ್ನೆಯೂ ಅವನಿಗೆ ಕೇಳಿಸಲಿಲ್ಲ. "ಅಂಗಾತ ಮಲಗ್ಯಾಳ್ರೀ, ಚೆಂದ ನಿದ್ದಿ ಮಾಡಾಕತ್ತಾಳ" ಎಂದು ಜೋರಾಗಿ ಹೇಳಿ ಇಟ್ಟುಬಿಟ್ಟ.

ಮೊನ್ನೆ ಮಾನ್ವಿಯ ಬಸ್‌ ಸ್ಟ್ಯಾಂಡಿನಲ್ಲಿ ಇಬ್ಬರೂ ಸಿಕ್ಕರು. ಅವಳ ತವರಿಗೆ, ದೇವದುರ್ಗಕ್ಕೆ ಹೊರಟಿದ್ದರು. ಈಗೀಗ ಅವನು ಬಹಳ ಮಾತು ಕಲಿತಿದ್ದಾನೆ, ಮಾತ್ರೆ ನುಂಗಿದೆಯಾ ಎಂದು ಕೇಳಿ ಕೇಳಿ ತಲೆ ತಿನ್ನುತ್ತಾನೆ ಎಂದು ಅವಳು ದೂರಿದಳು. ಅಷ್ಟರಲ್ಲಿ ಬಸ್ಸು ಬಂತು, ಜನ ಮುಗಿಬಿದ್ದರು. ಅವನು ಬಸ್ಸಿನ ಜೊತೆಗೇ ಓಡಿ, ಕಿಟಕಿಯೊಳಗೆ ಟವೆಲು ಎಸೆದು ಸೀಟು ಹಿಡಿದು, ನುಗ್ಗಿ ಹತ್ತಿದ. ಅವಳು ಅವಸರ ಮಾಡಲಿಲ್ಲ. ಗದ್ದಲ ಕರಗಿದ ಮೇಲೆ ನನಗೆ ಬರ್ತೀನ್ರೀ ಎಂದು ಹೇಳಿ ನಿಧಾನವಾಗಿ ಹತ್ತಿದಳು. ಅವಳು ಕಿಟಕಿಯ ಪಕ್ಕ ಕೂತು ಸೆರಗು ಸರಿಪಡಿಸಿಕೊಳ್ಳುವ ತನಕ ಅವನು ಸೀಟಿನ ಬಳಿ ನಿಂತೇ ಇದ್ದ.